ಮಡ್ಡಿ, ತುಕ್ಕು, ನೀರು: ಹಳೆಯ ಇಂಧನ ಟ್ಯಾಂಕು ತೊಳೆಯುವ ಪ್ರಶ್ನೆ

ಹಳೆಯ ಪೆಟ್ರೋಲ್ ಟ್ಯಾಂಕಿನ ತುಕ್ಕು ತೆಗೆಯುವುದು ಹೇಗೆ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದು ಬಾಟಲಿಯ ಹೆಸರು. ಒಬ್ಬರು ಟಾಯ್ಲೆಟ್ ಆ್ಯಸಿಡ್ ಎನ್ನುತ್ತಾರೆ, ಇನ್ನೊಬ್ಬರು ವಿನೆಗರ್, ಮತ್ತೊಬ್ಬರು ಕೋಲಾ. ಹಳೇ ಕಾಲದ ಮೆಕ್ಯಾನಿಕ್ ಆಗಿದ್ದರೆ ಒಂದು ಹಿಡಿ ನಟ್ಟು ಒಳಗೆ ಹಾಕಿ ಚೆನ್ನಾಗಿ ಕುಲುಕಿ ಎನ್ನುತ್ತಾರೆ. ಇವೆಲ್ಲ ಒಂದಷ್ಟು ಕೆಲಸ ಮಾಡುತ್ತವೆ, ತೊಂದರೆ ಇರುವುದೇ ಅಲ್ಲಿ. ಒಳಗೆ ಇಣುಕಿದರೆ ಹೊಳಪು ಕಾಣುತ್ತದೆ, ಕೆಲಸ ಮುಗಿಯಿತು ಅನ್ನಿಸುತ್ತದೆ, ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ಕಾರ್ಬ್ಯುರೇಟರಿನ ಜೆಟ್ಟು ಮತ್ತೆ ಕಟ್ಟಿಕೊಂಡಿರುತ್ತದೆ. ಟ್ಯಾಂಕಿನೊಳಗೆ ಸೇರಿಕೊಂಡಿರುವ ಕೊಳೆ ಒಂದೇ ಜಾತಿಯದಲ್ಲ. ಇಂಧನ ಹಳಸಿ ಆದ ಅಂಟು ಒಂದು, ಕಬ್ಬಿಣದ ತುಕ್ಕು ಇನ್ನೊಂದು, ಇವುಗಳಿಗೆ ಇಂಬು ಕೊಡುವ ನೀರು ಮೂರನೆಯದು. ಕಣ್ಣಿಗೆ ಬೀಳದ ಆವಿ ಇವೆಲ್ಲಕ್ಕಿಂತ ಅಪಾಯದ್ದು. ಯಾವುದನ್ನು ಮೊದಲು ತೆಗೆಯಬೇಕು, ಯಾವುದನ್ನು ಆಮೇಲೆ ಎಂದು ತಿಳಿದರೆ ಬಾಟಲಿಯ ಆಯ್ಕೆ ಅಷ್ಟು ದೊಡ್ಡ ವಿಷಯವಲ್ಲ ಎಂಬುದು ನನ್ನ ಅಭಿಪ್ರಾಯ.

ದಿನಾ ಓಡುವ ಗಾಡಿಗೆ ಈ ಕಾಯಿಲೆ ಕಡಿಮೆ. ಬಿಟ್ಟು ಬಿಟ್ಟು ಓಡುವ ಯಂತ್ರಗಳಿಗೆ ಹೆಚ್ಚು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹೂವು ಅರಳಿಸಲು ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕುತ್ತಾರೆ. ಆಗ ಹಗಲು ರಾತ್ರಿ ದುಡಿದ ಡೀಸೆಲ್ ಪಂಪ್‌ಸೆಟ್ಟು ಮಳೆ ಹಿಡಿದ ಮೇಲೆ ಶೆಡ್ಡು ಸೇರುತ್ತದೆ. ಮತ್ತೆ ಅದರ ನೆನಪಾಗುವುದು ಮುಂದಿನ ಬೇಸಿಗೆಗೆ. ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರದ ಪಾಡೂ ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನ ಪಾಡೂ ಇದೇ. ಕರಾವಳಿಯ ನಾಡದೋಣಿಗಳ ಸೀಮೆಎಣ್ಣೆ ಕ್ಯಾನುಗಳಿಗೆ ಇದರ ಮೇಲೆ ಉಪ್ಪುಗಾಳಿಯ ಕಾಟ. ಉಪ್ಪಿನಂಶ ಸೇರಿದ ನೀರು ಕಬ್ಬಿಣವನ್ನು ತಿನ್ನುವ ವೇಗವೇ ಬೇರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಜನರೇಟರಿನಲ್ಲಿ ಡೀಸೆಲ್ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿರುತ್ತದೆ.

ಇವೆಲ್ಲಕ್ಕೂ ಹಿರಿಯಣ್ಣನಂತಿರುವುದು ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಜಾವಾ ಮತ್ತು ಯೆಜ್ಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಂದರೆ ಅಲ್ಲಿಂದ ಬಂದ ಅತ್ಯಂತ ಕಿರಿಯ ಟ್ಯಾಂಕಿಗೂ ಈಗ ಮೂರು ದಶಕದ ಆಸುಪಾಸಿನ ವಯಸ್ಸು. ಎಂಜಿನ್ನಿನ ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಗುಜರಿಯಲ್ಲೋ ಹುಡುಕಿ ತಂದಾರು. ಮೂಲ ಟ್ಯಾಂಕು ಹೋದರೆ ಗಾಡಿಯ ಮುಖವೇ ಹೋದಂತೆ. ಆದ್ದರಿಂದಲೇ ಯೆಜ್ಡಿ ಇಟ್ಟುಕೊಂಡವರು ಈ ವಿಷಯದಲ್ಲಿ ಅರ್ಧ ರಸಾಯನಶಾಸ್ತ್ರಿಗಳಾಗಿರುತ್ತಾರೆ. ಬೈಕಿನ ಟ್ಯಾಂಕು ಚಾಸಿಯ ಕೊಳವೆಯ ಮೇಲೆ ಜೀನಿನಂತೆ ಕೂರುವುದರಿಂದ ಕೆಳಗೆ ಎರಡೂ ಬದಿಗೆ ಒಂದೊಂದು ಮೂಲೆ ಉಳಿಯುತ್ತದೆ. ಕಾಕ್ ತೆರೆದರೂ ಅಲ್ಲಿನ ಕೊನೆಯ ಗುಟುಕು ಇಳಿಯುವುದಿಲ್ಲ. ಸೈಡ್ ಸ್ಟ್ಯಾಂಡಿನ ಮೇಲೆ ವರ್ಷಗಟ್ಟಲೆ ನಿಂತ ಗಾಡಿಯಾದರೆ ಎಡಗಡೆಯ ಕೆಳಮೂಲೆಯನ್ನು ಮೊದಲು ನೋಡಬೇಕು. ನೀರು ಹರಿದು ನಿಲ್ಲುವುದು ಅಲ್ಲಿ, ತೂತು ಬೀಳುವುದೂ ಅಲ್ಲೇ.

ಮೊದಲು ಅಂಟಿನ ವಿಚಾರ. ಪೆಟ್ರೋಲು ಒಂದೇ ವಸ್ತುವಲ್ಲ, ಹಗುರ ಮತ್ತು ಭಾರದ ನೂರಾರು ಹೈಡ್ರೋಕಾರ್ಬನ್‌ಗಳ ಬೆರಕೆ. ಮುಚ್ಚಳದ ಗಾಳಿಕಂಡಿಯ ಮೂಲಕ ಹಗುರವಾದವು ಮೊದಲು ಹಾರಿಹೋಗುತ್ತವೆ. ಹಳೇ ಪೆಟ್ರೋಲಿನಲ್ಲಿ ಎಂಜಿನ್ ಸ್ಟಾರ್ಟ್ ಆಗದಿರುವುದಕ್ಕೆ ಇದೊಂದು ಕಾರಣ. ಉಳಿದವುಗಳಲ್ಲಿ ಓಲೆಫಿನ್ ಎಂಬ ಜಾತಿಯವು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಪೆರಾಕ್ಸೈಡ್ ಆಗುತ್ತವೆ, ಅವು ಒಂದಕ್ಕೊಂದು ಹೆಣೆದುಕೊಂಡು ಅಂಟಾಗುತ್ತವೆ. ಇದನ್ನು ತಡೆಯಲು ರಿಫೈನರಿಯಲ್ಲೇ ಉತ್ಕರ್ಷಣ ತಡೆಯುವ ರಾಸಾಯನಿಕ ಸೇರಿಸಿರುತ್ತಾರೆ, ಆದರೆ ಅದು ಕಾಲಕ್ರಮೇಣ ಖರ್ಚಾಗಿ ಹೋಗುವಂಥದ್ದು. ಬಿಸಿಲಿನ ಶಾಖ, ತಾಮ್ರ ಹಿತ್ತಾಳೆಯ ಸಂಪರ್ಕ ಎರಡೂ ಈ ಕೆಲಸವನ್ನು ಚುರುಕುಗೊಳಿಸುತ್ತವೆ. ಯುರೋಪಿನ ಮಾನದಂಡ ಹೊಸ ಪೆಟ್ರೋಲಿನಲ್ಲಿ 100 ಮಿಲಿಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚು ಅಂಟು ಇರಕೂಡದೆನ್ನುತ್ತದೆ. ಟ್ಯಾಂಕಿನ ತಳದಲ್ಲಿ ಕೆಂಪಗೆ, ವಾರ್ನಿಷ್ ವಾಸನೆಯ ಮಡ್ಡಿ ಕಂಡಿತೆಂದರೆ ಆ ಲೆಕ್ಕ ಎಂದೋ ದಾಟಿದೆ.

ಜಾವಾ, ಯೆಜ್ಡಿ, ರಾಜದೂತ್, ಹಳೆಯ ಚೇತಕ್ ಇವೆಲ್ಲ ಎರಡು ಸ್ಟ್ರೋಕಿನವು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುತ್ತಿದ್ದ ಗಾಡಿಗಳು. ಪೆಟ್ರೋಲು ಆರಿದ ಮೇಲೂ ಆ ಎಣ್ಣೆ ಟ್ಯಾಂಕಿನ ಗೋಡೆಗೆ ಹತ್ತಿಕೊಂಡಿರುತ್ತದೆ. ಎಷ್ಟೋ ಯೆಜ್ಡಿ ಟ್ಯಾಂಕುಗಳು ಇವತ್ತಿಗೂ ಉಳಿದಿರುವುದು ಈ ಎಣ್ಣೆಯ ಲೇಪದಿಂದ. ತೊಳೆಯಲು ಕೂತಾಗ ಮಾತ್ರ ಅದೇ ಅಡ್ಡಿ. ಜಿಡ್ಡಿನ ಅಡಿಯಲ್ಲಿ ಅಡಗಿದ ತುಕ್ಕಿಗೆ ನೀರಿನ ದ್ರಾವಣ ಯಾವುದೂ ಮುಟ್ಟುವುದಿಲ್ಲ. ಟ್ಯಾಂಕಿಗೆ ನೇರವಾಗಿ ಆ್ಯಸಿಡ್ ಸುರಿದು, ಅರ್ಧ ತುಕ್ಕು ಹೋಗಿ ಅರ್ಧ ಉಳಿದದ್ದಕ್ಕೆ ಆ್ಯಸಿಡ್ಡನ್ನು ಬೈಯುವವರು ಬಹಳ ಮಂದಿ. ಇನ್ನೊಂದು ಎಚ್ಚರಿಕೆಯೂ ಇದೆ. ನಮ್ಮ ದೇಶದಲ್ಲಿ ಸೀಸ ಬೆರೆತ ಪೆಟ್ರೋಲು ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಅದಕ್ಕಿಂತ ಹಿಂದಿನಿಂದ ಮುಚ್ಚಿಕೊಂಡೇ ಇರುವ ಟ್ಯಾಂಕಿನ ಒಣಮಡ್ಡಿಯನ್ನು ಬರಿಗೈಯಲ್ಲಿ ಕೆರೆಯಬಾರದು, ಪುಡಿ ಮಾಡಿ ಊದಬಾರದು.

ಇನ್ನು ನೀರು. ಅದು ಎಲ್ಲಿಂದ ಬರುತ್ತದೆ? ಮುಚ್ಚಳದ ರಬ್ಬರು ಸವೆದಿದ್ದರೆ ಮಳೆಯಿಂದ, ಇಲ್ಲವಾದರೆ ಗಾಳಿಯಿಂದ. ಅರ್ಧ ಖಾಲಿ ಟ್ಯಾಂಕು ಹಗಲು ಬಿಸಿಯಾಗಿ ಉಸಿರು ಬಿಡುತ್ತದೆ, ರಾತ್ರಿ ತಣ್ಣಗಾಗಿ ಉಸಿರು ಎಳೆದುಕೊಳ್ಳುತ್ತದೆ. ಮಲೆನಾಡಿನ ಜುಲೈ ತಿಂಗಳ ಗಾಳಿ ಒಳಗೆ ಹೋದರೆ ತಂಪಾದ ತಗಡಿನ ಮೇಲೆ ಹನಿಗಟ್ಟದೆ ಇನ್ನೇನಾದೀತು? ಟ್ಯಾಂಕಿನ ತಳ ಕೆಟ್ಟಿರುವಂತೆ ನೆತ್ತಿಯೂ ಕೆಟ್ಟಿರುತ್ತದೆ. ತಳಕ್ಕೆ ಟಾರ್ಚು ಬಿಟ್ಟವರು ನೆತ್ತಿ ನೋಡುವುದನ್ನು ಮರೆಯುತ್ತಾರೆ. ಮೊಬೈಲಿಗೆ ಸಿಕ್ಕಿಸುವ ಉದ್ದ ಬಾಲದ ಕ್ಯಾಮೆರಾಗಳು ಈಗ ಅಗ್ಗಕ್ಕೆ ಸಿಗುತ್ತವೆ. ಟ್ಯಾಂಕು ಬರಿದಾಗಿ ಆವಿ ಹೋದ ಮೇಲೆ ಅಂಥ ಕ್ಯಾಮೆರಾ ಒಳಗಿಳಿಸಿ ಮೂಲೆಮೂಲೆ ನೋಡಿಕೊಳ್ಳುವುದು ಯಾವ ದ್ರಾವಣಕ್ಕಿಂತಲೂ ಮುಂಚಿನ ಕೆಲಸ.

ನೀರಿನ ಕತೆಗೆ ಎಥೆನಾಲ್ ಸೇರಿಕೊಂಡು ಲೆಕ್ಕ ಬದಲಾಗಿದೆ. ಪೆಟ್ರೋಲಿಗೆ ಮದ್ಯಸಾರ ಬೆರೆಸುವುದು ನಮಗೆ ತೀರಾ ಹೊಸದಲ್ಲ, ಅದಕ್ಕೆಂದು 1948ರಲ್ಲೇ ಒಂದು ಕಾಯಿದೆ ಬಂದಿತ್ತು. ಆದರೆ ದೇಶಾದ್ಯಂತ ಶೇ. 10ರ ಬೆರಕೆ ತಲುಪಿದ್ದು 2022ರ ಜೂನಿನಲ್ಲಿ, ಶೇ. 20ರ ಇ-20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. ಬರೀ ಪೆಟ್ರೋಲಿನಲ್ಲಿ ನೀರು ಕರಗುವುದು ತೀರಾ ಅತ್ಯಲ್ಪ, ಮಿಕ್ಕದ್ದು ತಳಕ್ಕಿಳಿದು ಬೇರೆಯಾಗಿ ಕೂರುತ್ತದೆ. ಶೇ. 10 ಎಥೆನಾಲ್ ಇದ್ದರೆ ಲೀಟರಿಗೆ ಸುಮಾರು 5 ಮಿಲಿಲೀಟರ್ ನೀರನ್ನು ಅದು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಇ-20 ಇನ್ನೂ ಹೆಚ್ಚು ಹಿಡಿಯುತ್ತದೆ. ಆ ಮಿತಿಯವರೆಗೆ ಇದು ಅನುಕೂಲವೇ. ಸ್ವಲ್ಪ ನೀರು ಪೆಟ್ರೋಲಿನ ಜೊತೆಗೇ ಹೋಗಿ ಎಂಜಿನ್ನಿನಲ್ಲಿ ಆವಿಯಾಗುತ್ತದೆ. ಮಿತಿ ದಾಟಿದರೆ, ಅಥವಾ ರಾತ್ರಿ ಚಳಿ ಬಿದ್ದು ಹಿಡಿತ ಸಡಿಲಾದರೆ, ನೀರು ಎಥೆನಾಲನ್ನೂ ಎಳೆದುಕೊಂಡು ಕೆಳಗಿಳಿಯುತ್ತದೆ. ಆಗ ತಳದಲ್ಲಿ ನಿಲ್ಲುವ ಪದರ ಬರೀ ನೀರಿಗಿಂತ ಕೆಟ್ಟದ್ದು. ಸತುವು, ಅಲ್ಯೂಮಿನಿಯಂ, ಹಳೇ ಟ್ಯಾಂಕುಗಳ ಸೀಸ-ತವರದ ಲೇಪ ಎಲ್ಲಕ್ಕೂ ಅದು ಬಾಯಿ ಹಾಕುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಪೆಟ್ರೋಲ್ ಬಂಕಿನವರು ನೆಲದಡಿಯ ಟ್ಯಾಂಕಿಗೆ ಅಳತೆಕೋಲು ಇಳಿಸುವಾಗ ತುದಿಗೆ ನೀರು ತಾಗಿದರೆ ಬಣ್ಣ ಬದಲಿಸುವ ಪೇಸ್ಟು ಹಚ್ಚುವುದು ಈ ಭಯದಿಂದಲೇ. ಹಾಗೆಂದು, ಎಥೆನಾಲ್ ಹತ್ತೇ ದಿನದಲ್ಲಿ ಗಾಳಿಯಿಂದ ಕೊಡಗಟ್ಟಲೆ ನೀರು ಹೀರುತ್ತದೆ ಎಂಬ ಗುಲ್ಲು ಅತಿಯಾಯಿತು. ಮುಚ್ಚಳ ಸರಿಯಿದ್ದರೆ ಅದಕ್ಕೆ ತಿಂಗಳುಗಳೇ ಬೇಕು.

ತೊಳೆಯುವ ಕೆಲಸ ಶುರುವಾಗುವುದು ಆವಿಯಿಂದ. ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಪೆಟ್ರೋಲಿನ ಜ್ವಲನಬಿಂದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ, ಎಂದರೆ ನಮ್ಮ ಯಾವ ಊರಿನ ಯಾವ ಚಳಿಯಲ್ಲೂ ಅದು ಕಿಡಿ ಹಿಡಿಯುವಷ್ಟು ಆವಿ ಬಿಡುತ್ತಿರುತ್ತದೆ. ಗಾಳಿಯಲ್ಲಿ ಆ ಆವಿ ಶೇ. 1.4ರಿಂದ 7.6ರವರೆಗೆ ಇದ್ದಾಗ ಸ್ಫೋಟಿಸಬಲ್ಲದು. ತುಂಬಿದ ಟ್ಯಾಂಕಿನೊಳಗೆ ಆವಿ ಇದಕ್ಕಿಂತ ದಟ್ಟವಾಗಿರುತ್ತದೆ, ಹೊತ್ತಿಕೊಳ್ಳಲು ಗಾಳಿ ಸಾಲದು. ಬಗ್ಗಿಸಿ ಖಾಲಿ ಮಾಡಿ, ‘ಏನೂ ಇಲ್ಲ’ ಎಂದು ಬದಿಗಿಟ್ಟ ಟ್ಯಾಂಕೇ ಬಾಂಬು. ಟಿಂಕರಿಂಗ್ ಅಂಗಡಿಗಳಲ್ಲಿ, ಗ್ಯಾಸ್ ಕಟ್ಟರಿನಿಂದ ಹಳೆಯ ಪೀಪಾಯಿ ಕೊಯ್ಯುವಲ್ಲಿ ಸಿಡಿಯುವುದು ಇಂಥವು. ಡೀಸೆಲಿನ ಪೀಪಾಯಿಗೆ ಭಯವಿಲ್ಲ ಎಂಬ ನಂಬಿಕೆಯೂ ತಪ್ಪು. ತಣ್ಣಗಿರುವಾಗ ಸುಮ್ಮನಿರುವ ಡೀಸೆಲಿನ ಮಡ್ಡಿ ಕಟ್ಟರಿನ ಜ್ವಾಲೆ ತಾಗಿದೊಡನೆ ಕಾದು ಆವಿಯಾಗುತ್ತದೆ, ಅದೇ ಜ್ವಾಲೆ ಕಡ್ಡಿ ಗೀರುತ್ತದೆ.

ವಾಸನೆ ಬರುತ್ತಿಲ್ಲ ಎಂಬುದೂ ಪುರಾವೆಯಲ್ಲ. ಅಂಟಿನೊಳಗೆ ಸಿಕ್ಕಿಕೊಂಡ ಇಂಧನ ಬಿಸಿ ತಾಗಿದಾಗ ಹೊರಬೀಳುತ್ತದೆ. ಪೆಟ್ರೋಲಿಯಂ ತುಂಬಿದ್ದ ಟ್ಯಾಂಕಿನೊಳಗೆ ಆವಿ ಇಲ್ಲವೆಂದು ಉಪಕರಣದಿಂದ ಪರೀಕ್ಷಿಸಿ, ಅರ್ಹರು ಲಿಖಿತ ಪ್ರಮಾಣಪತ್ರ ಕೊಡುವವರೆಗೆ ಬೆಂಕಿಯ ಕೆಲಸ ಮಾಡುವಂತಿಲ್ಲ ಎಂದು ನಮ್ಮ ಪೆಟ್ರೋಲಿಯಂ ನಿಯಮಗಳೇ ಹೇಳುತ್ತವೆ. ಡಿಪೋಗಳಲ್ಲಿ ಅದು ನಡೆಯುತ್ತದೆ; ಬೀದಿ ಬದಿಯ ವೆಲ್ಡಿಂಗ್ ಅಂಗಡಿಗೆ ಆ ಕಾಗದ ಯಾರು ತರುತ್ತಾರೆ? ಅಲ್ಲಿನ ಅನುಭವಿಗಳು ಮಾಡುವ ಉಪಾಯ ಬೆಸುಗೆ ಬೀಳುವ ಜಾಗದವರೆಗೂ ಟ್ಯಾಂಕಿಗೆ ನೀರು ತುಂಬುವುದು. ಆವಿಗೆ ಇರುವ ಜಾಗವನ್ನೇ ಇಲ್ಲವಾಗಿಸುವ ಈ ಉಪಾಯ ತಾತ್ವಿಕವಾಗಿ ಸರಿಯೇ, ಆದರೆ ಚೆನ್ನಾಗಿ ತೊಳೆದ ಮೇಲೆ ಮಾಡಬೇಕಾದದ್ದು. ಮನೆಯಲ್ಲಿ ತೊಳೆಯುವವರಿಗೆ ಹೇಳಬೇಕಾದ್ದು ಇಷ್ಟು: ಕೆಲಸ ಬಯಲಲ್ಲಿ ನಡೆಯಲಿ. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ನೆಲದ ಮೇಲೆ ಹರಿದು ಬಚ್ಚಲ ಗೀಸರಿನವರೆಗೂ ಹೋಗಬಲ್ಲದು. ಒಣಗಿಸಲು ಹೇರ್ ಡ್ರೈಯರ್, ಎಳೆಯಲು ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ, ಎರಡರೊಳಗೂ ಕಿಡಿಯಿದೆ. ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯುವ ಅಭ್ಯಾಸವಂತೂ ಬಿಡಲೇಬೇಕು. ಒಂದು ಗುಟುಕು ಶ್ವಾಸಕೋಶಕ್ಕಿಳಿದರೆ ಬರುವ ನ್ಯುಮೋನಿಯಾ ಆಸ್ಪತ್ರೆ ಸೇರಿಸುತ್ತದೆ.

ಆವಿಯ ನಂತರ ಅಂಟು. ಹೊಸ ಅಂಟಾದರೆ ಬಿಸಿನೀರು, ಪಾತ್ರೆ ತೊಳೆಯುವ ಸೋಪಿನ ದ್ರಾವಣ, ಒಂದಿಷ್ಟು ತಾಳ್ಮೆ ಸಾಕು. ಹಳೆಯದಾಗಿ ಗಟ್ಟಿಯಾದದ್ದಕ್ಕೆ ಅಸಿಟೋನ್ ಅಥವಾ ಪೇಂಟ್ ಅಂಗಡಿಯ ಥಿನ್ನರ್ ಬೇಕಾಗುತ್ತದೆ, ಆದರೆ ಇವು ಪೆಟ್ರೋಲಿನಷ್ಟೇ ಬೆಂಕಿಯವು. ಒಂದು ಹನಿ ಹೊರಗೆ ಬಿದ್ದರೂ ಬಣ್ಣ ಹೋಯಿತೆಂದೇ ಲೆಕ್ಕ. ರೇಡಿಯೇಟರ್ ಅಂಗಡಿಯವರು ಕಾಸ್ಟಿಕ್ ಸೋಡಾದ ಬಿಸಿ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುತ್ತಾರೆ. ಅದು ಜಿಡ್ಡಿಗೆ ರಾಮಬಾಣ, ಹೊರಗಿನ ಬಣ್ಣಕ್ಕೂ. ಹೇಗಿದ್ದರೂ ಹೊಸ ಬಣ್ಣ ಹೊಡೆಸುವ ಯೋಚನೆ ಇದ್ದವರಿಗೆ ಮಾತ್ರ ಆ ದಾರಿ. ಅಲ್ಯೂಮಿನಿಯಂ ಟ್ಯಾಂಕನ್ನು ಕಾಸ್ಟಿಕ್‌ಗೆ ಹಾಕಿದರೆ ಟ್ಯಾಂಕೇ ಕರಗುತ್ತದೆ. ಒಳಗೆ ಬಿಟ್ಟ ನೀರು ಮುತ್ತುಮುತ್ತಾಗಿ ನಿಲ್ಲದೆ ಒಂದೇ ಪದರವಾಗಿ ಹರಡಿದರೆ ಜಿಡ್ಡು ಹೋಗಿದೆ ಎಂದು ತಿಳಿಯಬಹುದು.

ಈಗ ತುಕ್ಕು. ಕಲ್ಲು, ನಟ್ಟು, ಸರಪಳಿ ಹಾಕಿ ಕುಲುಕುವುದು ಎಲ್ಲಕ್ಕಿಂತ ಹಳೆಯ ವಿಧಾನ. ಪಕ್ಕೆ ಕಟ್ಟಿದ ತುಕ್ಕಿನ ಹಕ್ಕಳೆ ಎಬ್ಬಿಸಲು ಇದು ಈಗಲೂ ಒಳ್ಳೆಯದೇ. ಕೆಲವರು ಟ್ಯಾಂಕನ್ನು ಕಂಬಳಿಯಲ್ಲಿ ಸುತ್ತಿ ಕಾಂಕ್ರೀಟ್ ಮಿಕ್ಸರಿಗೆ ಕಟ್ಟಿ ತಿರುಗಿಸುವುದುಂಟು. ತೆಳ್ಳಗಾದ ತಗಡಿಗೆ ಮಾತ್ರ ಇದು ಅಪಾಯ, ಒಳಗಿನ ಬ್ಯಾಫಲ್ ತಗಡಿನ ಹಿಂದಿನ ಜಾಗವನ್ನು ಮುಟ್ಟುವುದೂ ಇಲ್ಲ. ಹಾಕಿದ ನಟ್ಟುಗಳನ್ನು ಎಣಿಸಿಟ್ಟುಕೊಳ್ಳದೆ, ಕೊನೆಯದು ಹೊರಬಾರದೆ ಟ್ಯಾಂಕು ಗಿಲಿಗಿಲಿ ಎನ್ನುತ್ತಾ ಊರು ಸುತ್ತುವುದನ್ನು ನೋಡಿದವರು ನಗಬಹುದು. ಒಳಗೆ ಲೇಪವಿರುವ 20 ಲೀಟರಿನ ಜೆರಿ ಕ್ಯಾನಿಗೆ ಈ ವಿಧಾನ ಸಲ್ಲ. ಲೇಪ ಕಿತ್ತ ಜಾಗದಿಂದ ಹೊಸ ತುಕ್ಕು ಶುರುವಾಗುತ್ತದೆ.

ಆಮ್ಲಗಳಲ್ಲಿ ಅತಿ ಜನಪ್ರಿಯವಾದದ್ದು ಟಾಯ್ಲೆಟ್ ಆ್ಯಸಿಡ್, ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ನಾನು ಅದರ ಪರವಾಗಿಲ್ಲ. ಅದು ತುಕ್ಕನ್ನು ನಿಮಿಷಗಳಲ್ಲಿ ತಿನ್ನುತ್ತದೆ, ಅಲ್ಲಿಗೆ ನಿಲ್ಲದೆ ಒಂದು ಮಿಲಿಮೀಟರ್ ಆಸುಪಾಸಿನ ಒಳ್ಳೆಯ ತಗಡನ್ನೂ ತಿನ್ನುತ್ತದೆ. ಜೊತೆಗೆ ಬಿಡುವ ಜಲಜನಕ ಬೇರೆ. ತೊಳೆದ ಮೇಲೂ ಸಂದಿಯಲ್ಲಿ ಉಳಿದ ಕ್ಲೋರೈಡು ತೇವ ಸಿಕ್ಕ ಕೂಡಲೇ ಹೊಸ ತುಕ್ಕಿಗೆ ಬೀಜವಾಗುತ್ತದೆ. ಅದೇ ಬಚ್ಚಲಲ್ಲಿ ಬ್ಲೀಚಿಂಗ್ ಪೌಡರ್ ಇದ್ದು ಎರಡೂ ಸೇರಿದರೆ ಕ್ಲೋರಿನ್ ಅನಿಲ. ಫಾಸ್ಫಾರಿಕ್ ಆಮ್ಲ ಇದಕ್ಕಿಂತ ಸಭ್ಯ. ತುಕ್ಕನ್ನು ಕರಗಿಸುತ್ತಲೇ ಕಬ್ಬಿಣದ ಮೇಲೆ ಬೂದುಬಣ್ಣದ ಫಾಸ್ಫೇಟ್ ಪದರವೊಂದನ್ನು ಬಿಡುತ್ತದೆ, ಆ ಪದರ ಸ್ವಲ್ಪ ಕಾಲ ಕಾವಲು ಕಾಯುತ್ತದೆ. ಕೋಲಾದಲ್ಲಿ ಇರುವುದೂ ಇದೇ ಆಮ್ಲ, ಆದರೆ ಎಷ್ಟು ತೆಳುವೆಂದರೆ ಟ್ಯಾಂಕಿಗೆ ಸುರಿಯುವುದಕ್ಕಿಂತ ಕುಡಿಯುವುದೇ ಮೇಲು. ಸಕ್ಕರೆ ತೊಳೆಯುವ ಕೆಲಸವಾದರೂ ತಪ್ಪುತ್ತದೆ. ಶೇ. 4–5ರ ವಿನೆಗರ್ ನಿಧಾನ, ಟ್ಯಾಂಕು ತುಂಬಿಸುವಷ್ಟು ಕೊಂಡರೆ ಅಗ್ಗವೂ ಅಲ್ಲ.

ಮನೆಯಲ್ಲಿ ಮಾಡುವವರಿಗೆ ನನ್ನ ಆಯ್ಕೆ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಕರಗಿಸಿ, ಟ್ಯಾಂಕು ಕಂಠಮಟ್ಟ ತುಂಬಿಸಿ ಒಂದು ರಾತ್ರಿ ಬಿಟ್ಟರೆ ಸಾಧಾರಣ ತುಕ್ಕು ಬಿಡುತ್ತದೆ. ಇದು ಅಡುಗೆಮನೆಯ ತಂತ್ರವಷ್ಟೇ ಅಲ್ಲ. ವಿದ್ಯುತ್ ಸ್ಥಾವರಗಳ ಬಾಯ್ಲರುಗಳ ಒಳಮೈ ತೊಳೆಯಲೂ ಸಿಟ್ರಿಕ್ ಆಮ್ಲವನ್ನು ಅಮೋನಿಯಾ ಸೇರಿಸಿ ಬಳಸುತ್ತಾರೆ. ಸಿಟ್ರೇಟಿನ ಗುಣವೆಂದರೆ ಕರಗಿದ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮತ್ತೆ ಗೋಡೆಗೆ ಅಂಟದಂತೆ ನೋಡಿಕೊಳ್ಳುವುದು. ದಿನಗಟ್ಟಲೆ ಮರೆತರೆ ಮಾತ್ರ ಇದೂ ಒಳ್ಳೆಯ ಲೋಹಕ್ಕೆ ಬಾಯಿ ಹಾಕುತ್ತದೆ. ಆಕ್ಸಾಲಿಕ್ ಆಮ್ಲವನ್ನು ಹೊಗಳುವವರಿದ್ದಾರೆ, ಅದು ವಿಷ, ಮೇಲಾಗಿ ಹಳದಿ ಕೆಸರು ಬಿಡುತ್ತದೆ. ತುಕ್ಕನ್ನು ಕಪ್ಪಗೆ ಮಾಡಿ ಅಲ್ಲೇ ಕೂರಿಸುವ ಟ್ಯಾನಿನ್ ದ್ರಾವಣಗಳೂ ಪೇಟೆಯಲ್ಲಿವೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದ ಹಳೆಯ ವಿದ್ಯೆಯೇ ಅದು. ಗೇಟು, ಕಿಟಕಿ ಸರಳಿಗೆ ಸರಿ, ಸದಾ ಎಥೆನಾಲಿನಲ್ಲಿ ನೆನೆಯುವ ಟ್ಯಾಂಕಿನ ಒಳಮೈಗೆ ಬೇಡ.

ಕಬ್ಬಿನ ನಾಡಿನವರಿಗೆ ಕುತೂಹಲ ಹುಟ್ಟಿಸುವ ದಾರಿ ಇನ್ನೊಂದಿದೆ, ಕಾಕಂಬಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ ತುಕ್ಕಿನ ಕಬ್ಬಿಣವನ್ನು ಎರಡು ಮೂರು ವಾರ ಮುಳುಗಿಸಿಟ್ಟರೆ ತುಕ್ಕು ಬಿಟ್ಟು ಬೂದುಬಣ್ಣದ ಲೋಹ ಉಳಿಯುತ್ತದೆ. ಕಾಕಂಬಿಯಲ್ಲಿರುವ ಸಂಯುಕ್ತಗಳು ಕಬ್ಬಿಣದ ಅಯಾನನ್ನು ಏಡಿ ಕೊಂಡಿಯಿಂದ ಹಿಡಿದಂತೆ ಹಿಡಿದು ದ್ರಾವಣಕ್ಕೆ ಎಳೆಯುತ್ತವೆ. ಇಡಿಟಿಎ ಆಧಾರದ, ದುಬಾರಿ ಬಾಟಲಿಗಳ ಹಿಂದಿರುವ ತತ್ವವೂ ಇದಕ್ಕೆ ಹತ್ತಿರದ್ದೇ. ಒಳ್ಳೆಯ ಉಕ್ಕಿಗೆ ಹಾನಿ ಕಡಿಮೆ. ಸತು, ಅಲ್ಯೂಮಿನಿಯಂ ಇದ್ದರೆ ಮಾತ್ರ ದೂರವಿಡಬೇಕು. ದ್ರಾವಣ ಹುಳಿತು ನೊರೆಗಟ್ಟಿ ನಾರುವುದರಿಂದ ಮನೆಯವರ ಒಪ್ಪಿಗೆ ಮೊದಲೇ ಪಡೆಯುವುದು ಕ್ಷೇಮ. ಕಾಕಂಬಿ ಅಬಕಾರಿ ನಿಯಮಗಳಿಗೆ ಒಳಪಟ್ಟ ಸರಕಾದ್ದರಿಂದ ಬೇಕೆಂದಾಗ ಕ್ಯಾನು ಹಿಡಿದು ಹೋಗಿ ತರುವಂತೆಯೂ ಇಲ್ಲ. ಪೆಟ್ರೋಲಿಗೆ ಬೆರೆಯುವ ಎಥೆನಾಲಿನ ಒಂದು ಪಾಲು ಹುಟ್ಟುವುದೂ ಇದೇ ಕಾಕಂಬಿಯಿಂದ. ಟ್ಯಾಂಕಿಗೆ ನೀರು ಕರೆತರುವುದೂ ನೀರು ತಂದ ತುಕ್ಕನ್ನು ಬಿಡಿಸುವುದೂ ಮಂಡ್ಯದ ಒಂದೇ ಗದ್ದೆಯ ಕಬ್ಬಾಗಿರಬಹುದು.

ವಿದ್ಯುತ್ತಿನಿಂದ ತುಕ್ಕು ಬಿಡಿಸುವುದು ಶ್ರದ್ಧಾವಂತರ ದಾರಿ. ನೀರಿಗೆ ವಾಷಿಂಗ್ ಸೋಡಾ ಹಾಕಿ ಟ್ಯಾಂಕು ತುಂಬಿಸಿ, ಬಾಯಿಯಿಂದ ಒಂದು ಕಬ್ಬಿಣದ ಸರಳನ್ನು ಗೋಡೆಗೆ ತಾಗದಂತೆ ಇಳಿಬಿಟ್ಟು, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಧನ ತುದಿಯನ್ನು ಸರಳಿಗೂ ಋಣ ತುದಿಯನ್ನು ಟ್ಯಾಂಕಿಗೂ ಕೊಡುತ್ತಾರೆ. ಸರಳು ಸವೆಯುತ್ತದೆ, ಟ್ಯಾಂಕಿನ ತುಕ್ಕು ಸಡಿಲವಾಗುತ್ತದೆ, ಒಳ್ಳೆಯ ಲೋಹ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಸರಳಿಗೆ ಎದುರಾಗಿರುವ ಜಾಗವೇ ಚೆನ್ನಾಗಿ ಶುದ್ಧವಾಗುವುದರಿಂದ ಮೂಲೆಗಳಿಗೆ ಸರಳನ್ನು ಬಾಗಿಸಿ ಇಳಿಸಬೇಕು. ಸ್ಟೇನ್‌ಲೆಸ್ ಸ್ಟೀಲಿನ ಚಮಚ ಇಳಿಬಿಡುವ ಜಾಣತನ ಬೇಡ, ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಟ್ಯಾಂಕಿನ ಗೋಡೆಯಿಂದ ಏಳುವ ಗುಳ್ಳೆಗಳು ಜಲಜನಕ, ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಉರಿಯಬಲ್ಲದು. ಚಾರ್ಜರ್ ಆರಿಸದೆ ಕ್ಲಿಪ್ಪು ಕೀಳುವಾಗ ಹಾರುವ ಒಂದು ಕಿಡಿ ಸಾಕು.

ತುಕ್ಕು ಹೋದ ಮೇಲಿನ ಅರ್ಧ ಗಂಟೆಯಲ್ಲಿ ಟ್ಯಾಂಕಿನ ಮುಂದಿನ ಹತ್ತು ವರ್ಷ ನಿರ್ಧಾರವಾಗುತ್ತದೆ. ಬೆತ್ತಲೆ ಕಬ್ಬಿಣ ತೇವದ ಗಾಳಿಗೆ ನಿಮಿಷಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅಡುಗೆ ಸೋಡಾದ ನೀರಿನಿಂದ ಆಮ್ಲವನ್ನು ಶಮನ ಮಾಡಿ, ಶುದ್ಧ ನೀರಿನಲ್ಲಿ ತೊಳೆದು, ಕೂಡಲೇ ಸ್ಪಿರಿಟ್ ಸುರಿದು ಆಡಿಸಿದರೆ ಅದು ಉಳಿದ ನೀರನ್ನು ಎಳೆದುಕೊಂಡು ಹೊರಬರುತ್ತದೆ. ಒಣಗಿದ ಮೇಲೆ ಎಣ್ಣೆ ಬೆರೆಸಿದ ಪೆಟ್ರೋಲು ಒಂದಿಷ್ಟು ಹಾಕಿ ಎಲ್ಲ ಗೋಡೆಗೂ ತಾಗುವಂತೆ ಹೊರಳಿಸಬೇಕು. ಹಳೇ ಎರಡು ಸ್ಟ್ರೋಕಿನ ಗಾಡಿಗಳು ತಾವಾಗಿ ಮಾಡಿಕೊಳ್ಳುತ್ತಿದ್ದ ರಕ್ಷಣೆಯನ್ನೇ ನಾವು ಕೈಯಾರೆ ಮಾಡುವುದು. ಜನ ದಣಿದು ‘ನಾಳೆ ನೋಡೋಣ’ ಎನ್ನುವುದು ಇದೇ ಹಂತದಲ್ಲಿ.

ಒಳಗೆ ಎಪಾಕ್ಸಿ ಲೇಪ ಹಾಕಿಸುವುದರ ಬಗ್ಗೆ ಎರಡು ಮತವಿದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದ ಹಾಗೆ, ತಳ ಶುದ್ಧವಾಗಿದ್ದರೆ ನಿಲ್ಲುತ್ತದೆ, ಜಿಡ್ಡಿನ ಮೇಲೆ ಹಾಕಿದರೆ ಎದ್ದುಬರುತ್ತದೆ. ಎದ್ದುಬಂದ ಲೇಪದ ಚೂರುಗಳು ಕಾಕಿನ ಜಾಲರಿಗೆ ತುಕ್ಕಿಗಿಂತ ಕೆಟ್ಟ ಶತ್ರು. ಹಿಂದಿನ ಕೆಲವು ಲೇಪಗಳು ಎಥೆನಾಲ್ ಬಂದ ಮೇಲೆ ಮೆತ್ತಗಾಗಿ ಕರಗಿವೆ. ಅಮೆರಿಕದಲ್ಲಿ ಹಳೆಯ ದೋಣಿಗಳ ಫೈಬರ್‌ಗ್ಲಾಸ್ ಟ್ಯಾಂಕುಗಳೂ ಇದೇ ಕಾರಣಕ್ಕೆ ಹಾಳಾದವು. ಸೂಜಿಮೊನೆಯಷ್ಟು ತೂತುಗಳು ಬಿದ್ದು, ಬೇರೆ ಟ್ಯಾಂಕು ಸಿಗದೆ ಇದ್ದಾಗ ಲೇಪ ಸರಿ. ಗಟ್ಟಿ ತಗಡಿನ ಟ್ಯಾಂಕಿಗೆ ಬರೀ ನೆಮ್ಮದಿಗಾಗಿ ಲೇಪ ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ.

ಡೀಸೆಲಿನ ಮಡ್ಡಿ ಬೇರೆ ಪ್ರಾಣಿ, ಅಕ್ಷರಶಃ. ಡೀಸೆಲಿಗೂ ತಳದ ನೀರಿಗೂ ನಡುವಿನ ಗೆರೆಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆಯುತ್ತವೆ. ಇಂಧನ ಅವುಗಳ ಊಟ, ನೀರು ಅವುಗಳ ಮನೆ. 1950–60ರ ದಶಕದಲ್ಲಿ ಜೆಟ್ ವಿಮಾನಗಳ ಅಲ್ಯೂಮಿನಿಯಂ ಟ್ಯಾಂಕುಗಳನ್ನು ತೂತುಮಾಡಿ ಕುಖ್ಯಾತವಾದ ಶಿಲೀಂಧ್ರಕ್ಕೆ ಸೀಮೆಎಣ್ಣೆ ಬೂಷ್ಟು ಎಂಬ ಅಡ್ಡಹೆಸರೇ ಇದೆ. ಕಪ್ಪು ಲೋಳೆಯಂತೆ ಫಿಲ್ಟರಿಗೆ ಬಂದು ಅಡರುವ ಇದು ಹೊರಹಾಕುವ ಆಮ್ಲ ಲೋಹವನ್ನು ತಿನ್ನುತ್ತದೆ. ಜನರೇಟರ್ ಕರೆಂಟು ಹೋದ ಹೊತ್ತಿನಲ್ಲೇ ಕೈಕೊಡುವುದರ ಹಿಂದೆ ಎಷ್ಟೋ ಸಲ ಇರುವುದು ಈ ಲೋಳೆ. ಔಷಧಿ ಹಾಕಿ ಕೊಂದರೆ ಸತ್ತದ್ದೆಲ್ಲ ಫಿಲ್ಟರಿಗೆ ಬರುತ್ತದೆ, ಆದ್ದರಿಂದ ಕೊಂದ ಮೇಲೆ ಡೀಸೆಲನ್ನು ಹೊರಗೆಳೆದು ಸೋಸಿ, ಟ್ಯಾಂಕು ತೊಳೆದೇ ಮರಳಿ ತುಂಬಬೇಕು. ತಳದ ಡ್ರೈನ್ ತಿರುಪನ್ನು ಆಗಾಗ ಬಿಚ್ಚಿ ನೀರು ಇಳಿಸಿದರೆ ಇದಾವುದೂ ಬೇಕಾಗುವುದಿಲ್ಲ. ನಿರ್ವಹಣೆಯ ಗುತ್ತಿಗೆಗೆ ಸಹಿ ಹಾಕುವ ಅಪಾರ್ಟ್‌ಮೆಂಟ್ ಸಂಘಗಳು ಈ ಒಂದು ಸಾಲು ಅದರಲ್ಲಿದೆಯೇ ಎಂದು ನೋಡುವುದು ಅಪರೂಪ.

ಕಚ್ಚಾತೈಲದ ಬೃಹತ್ ಟ್ಯಾಂಕುಗಳಲ್ಲಿ ತುಕ್ಕೇ ಬೆಂಕಿಯಾಗುವುದುಂಟು. ಗಂಧಕ ಹೆಚ್ಚಿರುವ ತೈಲದ ಹೈಡ್ರೋಜನ್ ಸಲ್ಫೈಡ್ ಅನಿಲ, ಗಾಳಿಯಿಲ್ಲದ ಜಾಗದಲ್ಲಿ ತುಕ್ಕಿನೊಡನೆ ಸೇರಿ ಕಬ್ಬಿಣದ ಸಲ್ಫೈಡ್ ಆಗುತ್ತದೆ. ತೊಳೆಯಲೆಂದು ಮುಚ್ಚಳ ತೆರೆದಾಗ ಆ ಪುಡಿ ಗಾಳಿ ತಾಗಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಕೆಲಸ ಮುಗಿಯುವವರೆಗೂ ಅದನ್ನು ನೆನೆಸಿಯೇ ಇಡುತ್ತಾರೆ. ಮಂಗಳೂರು ಮತ್ತು ಪಾದೂರಿನಲ್ಲಿ ದೇಶದ ತುರ್ತು ಬಳಕೆಯ ತೈಲವನ್ನು ಬಂಡೆ ಕೊರೆದ ಗುಹೆಗಳಲ್ಲಿ ಇಟ್ಟಿದ್ದಾರೆ. ಎರಡೂ ಸೇರಿ 40 ಲಕ್ಷ ಟನ್ ಹಿಡಿಯುವ ಅಲ್ಲಿ ತೈಲವನ್ನು ಸೋರದಂತೆ ತಡೆದಿಡುವುದೇ ಸುತ್ತಲಿನ ಬಂಡೆಯ ನೀರಿನ ಒತ್ತಡ. ಬೇರೆಲ್ಲ ಕಡೆ ಶತ್ರುವಾದ ನೀರಿಗೆ ಅಲ್ಲಿ ಕಾವಲುಗಾರನ ಕೆಲಸ.

ತೊಳೆದ ನೀರು, ಮಡ್ಡಿ, ಹಳಸಿದ ಪೆಟ್ರೋಲು ಎಲ್ಲಿಗೆ ಹೋಗಬೇಕು? ಪೆಟ್ರೋಲಿಯಂ ಟ್ಯಾಂಕು ತೊಳೆದ ಕೆಸರನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅಪಾಯಕಾರಿ ಪಟ್ಟಿಯಲ್ಲೇ ಇಟ್ಟಿವೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳನ್ನು ಕೂಡಿಸಿ ಟೆರಿ ಸಂಸ್ಥೆ ರೂಪಿಸಿದ ‘ಆಯಿಲ್‌ಜ್ಯಾಪರ್’ ರಿಫೈನರಿಗಳ ಕೆಸರಿಗೆ ಒಂದು ದಾರಿ. ಬಿಡಿ ಗಿರಾಕಿಗೆ ಅಂಥ ಅನುಕೂಲವಿಲ್ಲ. ಮುಚ್ಚಿದ ಲೋಹದ ಡಬ್ಬದಲ್ಲಿ ತುಂಬಿ, ಹಳೇ ಎಂಜಿನ್ ಆಯಿಲ್ ಕೊಳ್ಳುವ, ಮಾಲಿನ್ಯ ಮಂಡಳಿಯ ಅನುಮತಿ ಇರುವವರನ್ನು ಗ್ಯಾರೇಜಿನ ಮೂಲಕ ಹುಡುಕಬೇಕು. ಚರಂಡಿಗೆ ಸುರಿದರೆ ಏನಾಗಬಹುದು ಎಂಬುದಕ್ಕೆ ಮೆಕ್ಸಿಕೊದ ಗ್ವಾಡಲಹಾರ ನಗರ ಸಾಕ್ಷಿ. ಅಲ್ಲಿ ಸತು ಲೇಪದ ನೀರಿನ ಕೊಳವೆಯೊಂದು ಉಕ್ಕಿನ ಪೆಟ್ರೋಲ್ ಕೊಳವೆಯ ಮೇಲೆ ಹಾದುಹೋಗಿತ್ತು. ಎರಡು ಲೋಹಗಳ ನಡುವೆ ತೇವ ಸೇರಿ ಪೆಟ್ರೋಲ್ ಕೊಳವೆಗೆ ತೂತು ಬಿತ್ತು, ಪೆಟ್ರೋಲು ಒಳಚರಂಡಿಗೆ ಹರಿಯಿತು. 1992ರ ಏಪ್ರಿಲ್ 22ರಂದು ಬೀದಿಗಳೇ ಕಿಲೋಮೀಟರುಗಟ್ಟಲೆ ಬಿರಿದು 200ಕ್ಕೂ ಹೆಚ್ಚು ಜನ ಸತ್ತರು.

ಎಷ್ಟು ತೊಳೆದರೂ ಕೆಲವು ಡಬ್ಬಗಳು ಮರುಬಳಕೆಗೆ ಬರುವುದಿಲ್ಲ. ನೀರಿನ ಬರ ಬಂದಾಗ ಬಡಾವಣೆಗಳಲ್ಲಿ ಹಳೆಯ ಪೀಪಾಯಿಗಳಿಗೆ ಬೇಡಿಕೆ ಏರುತ್ತದೆ, ಅವುಗಳಲ್ಲಿ ಹಿಂದೆ ಏನಿತ್ತು ಎಂದು ಮಾರುವವರಿಗೂ ಗೊತ್ತಿರುವುದಿಲ್ಲ. ಪ್ಲಾಸ್ಟಿಕ್ಕು ಇಂಧನವನ್ನು ತನ್ನ ಗೋಡೆಯೊಳಕ್ಕೇ ಹೀರಿಕೊಂಡಿರುತ್ತದೆ, ಸೋಪು ತಲುಪದ ಜಾಗದಿಂದ ಅದು ತಿಂಗಳುಗಟ್ಟಲೆ ನೀರಿಗೆ ಇಳಿಯುತ್ತಿರುತ್ತದೆ. ಇಂಧನ ಹಿಡಿದ ಡಬ್ಬ ಇಂಧನಕ್ಕೇ ಮೀಸಲು. ಅದೂ ಮಿತಿಯಲ್ಲಿ: 1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಸ್ವಂತ ಬಳಕೆಗೆ ಇಟ್ಟುಕೊಳ್ಳಬಹುದಾದ ಪೆಟ್ರೋಲು 30 ಲೀಟರು.

ಕೊನೆಯದಾಗಿ ಬಗೆಹರಿಯದ ಒಂದು ಚರ್ಚೆ. ಗಾಡಿ ನಿಲ್ಲಿಸಿಡುವಾಗ ಟ್ಯಾಂಕು ತುಂಬಿರಬೇಕೋ ಬರಿದಾಗಿರಬೇಕೋ? ತುಂಬಿಡಿ, ಗಾಳಿಗೆ ಜಾಗವಿಲ್ಲದಿದ್ದರೆ ತೇವವೂ ಇಲ್ಲ ಎಂಬುದು ಹಳೆಯ ಉಪದೇಶ, ಬರೀ ಪೆಟ್ರೋಲಿನ ಕಾಲಕ್ಕೆ ಸರಿಯಿತ್ತು. ಈಗ ಒಂದು ತಿಂಗಳೊಳಗೆ ಮತ್ತೆ ಓಡಿಸುವುದಾದರೆ ತುಂಬಿಡುವುದೇ ಒಳ್ಳೆಯದು. ಮಳೆಗಾಲವಿಡೀ ಮುಟ್ಟದ ಪೆಟ್ರೋಲ್ ಯಂತ್ರವಾದರೆ ಪೂರ್ತಿ ಬರಿದು ಮಾಡಿ, ಕಾಕ್ ಮುಚ್ಚಿ ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ ಕಾರ್ಬ್ಯುರೇಟರನ್ನೂ ಒಣಗಿಸಿ, ಟ್ಯಾಂಕಿನೊಳಗೆ ಎಣ್ಣೆ ಸವರಿ ಇಡುವುದು ಮೇಲು. ಡೀಸೆಲ್ ಪಂಪ್‌ಸೆಟ್ಟಿಗೆ ಇದು ಅನ್ವಯಿಸದು. ಪೈಪಿನೊಳಗೆ ಗಾಳಿ ಸೇರಿದರೆ ಮತ್ತೆ ಅದನ್ನು ಹೊರಡಿಸಿ ಸ್ಟಾರ್ಟ್ ಮಾಡುವ ಗೋಳು ಬೇರೆ ಇರುವುದರಿಂದ, ಅದನ್ನು ತುಂಬಿಯೇ ಇಟ್ಟು ಜೂನಿಗೆ ಮುಂಚೆ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ತಳದ ನೀರು ಇಳಿಸಿದರೆ ಸಾಕು.